ಪಾತ್ರವೆಂಬ ಪಿತ್ರಾರ್ಜಿತ

ದೋಣಿಮಲೈಯ ಗಣಿಯು 1977ರಲ್ಲಿ ಕೆಲಸವನ್ನಾರಂಭಿಸಿತು. ಸಂಡೂರಿನ ಬೆಟ್ಟಸಾಲಿನಲ್ಲಿ ಅದಿರು ತೆಗೆಯುವ ಕೆಲಸ ಅದಕ್ಕೂ ಮೊದಲೇ ಇದ್ದಿತಾದರೂ, ಆಸ್ತಿಯೆಂದರೆ ಅದಿರು ಎಂದು ತಿಳಿಯುವ ಅಭ್ಯಾಸವು ನಮ್ಮ ಸೀಮೆಯ ಜನರಲ್ಲಿ ಆಮೇಲೆ ಬಲವಾಗಿ ಬೇರೂರಿತು. ಅದಿರು ಬೆಲೆಯುಳ್ಳದ್ದೇ ಸರಿ. ಆದರೆ ಒಮ್ಮೆ ಅಗೆದು ರೈಲಿಗೇರಿಸಿದ ಮೇಲೆ ಅದು ಬೆಟ್ಟಕ್ಕೆ ಮರಳಿ ಬಾರದು. ಸಾವಿರ ಸಲ ಬಳಸಿದರೂ ಸವೆಯದೆ, ಬಳಸಿದಷ್ಟೂ ಬೆಲೆಯೇರುವ ಮತ್ತೊಂದು ಬಗೆಯ ಆಸ್ತಿಯೂ ಕನ್ನಡನಾಡಿನಲ್ಲಿ ಉಂಟು. ನೋಂದಣಿ ಕಚೇರಿಯ ದಫ್ತರದಲ್ಲಿ ಅದರ ಚಕ್ಕುಬಂದಿ ಸಿಕ್ಕುವುದಿಲ್ಲ. ಆದುದರಿಂದ ಅದನ್ನು ಆಸ್ತಿಯೆಂದು ಎಣಿಸುವವರೂ ವಿರಳ.

ಅದರ ಗುರುತು ಬೇಕೆನ್ನುವ ವಾಚಕರು ಹೊಸಪೇಟೆಗೆ ಬರಲಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರರು ನಾಲ್ವತ್ತಾರನೆಯ ವಯಸ್ಸಿನಲ್ಲಿಯೇ ತೀರಿಕೊಂಡರಷ್ಟೆ. ಮರುವರ್ಷವೇ ಈ ಊರಿನ ಅಭಿಮಾನಿಗಳು ಅವರ ಪುತ್ಥಳಿಯನ್ನು ನಿಲ್ಲಿಸಿದರು. ಪುನೀತರು ಈ ಊರಿನಲ್ಲಿ ಹುಟ್ಟಿದವರಲ್ಲ, ಇಲ್ಲಿ ಬೆಳೆದವರೂ ಅಲ್ಲ. ಒಬ್ಬ ನಟನಿಗೆ ಹೊರ ಊರಿನ ಜನ ಇಷ್ಟು ಪ್ರೀತಿ ತೋರುವುದಕ್ಕೆ ಅವರೊಬ್ಬರ ಚಿತ್ರಗಳು ಸಾಕಾಗುವುದೇ ಎಂದು ನಾವು ಹಲವು ಸಲ ಯೋಚಿಸಿದ್ದೇವೆ. ಸಾಕಾಗಲಾರವೆಂದೇ ನಮ್ಮ ಎಣಿಕೆ. ಆ ಪ್ರೀತಿಯ ಬೇರು ಮೂರು ತಲೆಮಾರುಗಳಷ್ಟು ಹಿಂದಕ್ಕೆ, ತುಮಕೂರು ಜಿಲ್ಲೆಯ ಒಂದು ಸಣ್ಣ ಪೇಟೆಯ ನಾಟಕದ ಬಿಡಾರಕ್ಕೆ ಹೋಗುವುದು.

ಪುನೀತರ ಅಜ್ಜ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪೆನಿಯ ನಟರು. ಕಂಸ, ರಾವಣ, ಹಿರಣ್ಯಕಶಿಪುಗಳಂತಹ ರೌದ್ರ ಪಾತ್ರಗಳಲ್ಲಿ ಹೆಸರಾದವರು. ಅವರ ಮಗ ಮುತ್ತುರಾಜನು ಬಾಲ್ಯದಲ್ಲಿಯೇ ತಂದೆಯ ಬೆನ್ನುಹಿಡಿದು ಅದೇ ಕಂಪೆನಿಯನ್ನು ಸೇರಿ, ಮುಂದೆ ರಾಜಕುಮಾರನಾದನು. 1983ರಲ್ಲಿ ‘ಭಕ್ತ ಪ್ರಹ್ಲಾದ’ ಚಿತ್ರವು ತೆರೆಗೆ ಬಂದಾಗ ಹಿರಣ್ಯಕಶಿಪುವಾಗಿ ಗರ್ಜಿಸಿದವರು ರಾಜಕುಮಾರರು. ಪ್ರಹ್ಲಾದನಾಗಿ ಕೈಮುಗಿದು ನಿಂತ ಬಾಲಕನೇ ಪುನೀತ. ಅಜ್ಜನು ತೊಟ್ಟಿದ್ದ ಕಿರೀಟವನ್ನು ಮಗ ತೊಟ್ಟನು, ಮಗನ ಎದುರಿಗೆ ಮೊಮ್ಮಗನು ನಿಂತನು. ಹೊಲವು ತಂದೆಯಿಂದ ಮಗನಿಗೆ ಬರುವಂತೆ ಇಲ್ಲಿ ಪಾತ್ರವು ಬಂದಿತು. ಹೊಲವಾದರೋ ಅಣ್ಣತಮ್ಮಂದಿರಲ್ಲಿ ಪಾಲಾಗಿ ಕುಂಟೆಗೆ ಇಳಿಯುವುದು. ಪಾತ್ರಕ್ಕೆ ಆ ಭಯವಿಲ್ಲ.

ಈ ಪಿತ್ರಾರ್ಜಿತವನ್ನು ಬೆಳೆಸಿದ ಮನೆ ಯಾವುದು? 1884ರಲ್ಲಿ ಗುಬ್ಬಿಯ ಕೆಲವು ಮಂದಿ ಉತ್ಸಾಹಿಗಳು ಸೇರಿ ಕಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೇ ಅದು. ಅದು ಹುಟ್ಟಿದಾಗ ಯಾವುದೊಂದು ಮನೆತನದ ಸ್ವತ್ತೂ ಆಗಿರಲಿಲ್ಲ. 1891ರಲ್ಲಿ ಜನಿಸಿದ ವೀರಣ್ಣನವರು ಹಾಲುಹಲ್ಲು ಉದುರುವ ವಯಸ್ಸಿನಲ್ಲಿಯೇ ಬಾಲನಟರಾಗಿ ಅದನ್ನು ಹೊಕ್ಕು, 1917ರಲ್ಲಿ ಅದರ ಒಡೆಯರಾದರು. ಬಣ್ಣ ಹಚ್ಚುವವನೇ ಖಜಾನೆಯ ಬೀಗದ ಕೈಯನ್ನೂ ಇಟ್ಟುಕೊಂಡುದು ಆ ಸಂಘದ ಭಾಗ್ಯವೆನ್ನಬೇಕು. ಲೆಕ್ಕ ಬಲ್ಲ ಒಡೆಯನಿಗೆ ರಂಗ ತಿಳಿಯದು, ರಂಗ ಬಲ್ಲ ನಟನಿಗೆ ಲೆಕ್ಕ ತಿಳಿಯದು. ಅನೇಕ ಕಂಪೆನಿಗಳು ಈ ಎರಡರ ನಡುವಣ ಕಂದರಕ್ಕೆ ಬಿದ್ದೇ ಹಾಳಾದುವು. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ವೆಂದು ಹೆಸರಿಟ್ಟುದು ಬರಿಯ ಅಲಂಕಾರದ ಮಾತಲ್ಲ. ಕಾಯಕವೆಂದ ಮೇಲೆ ದಿನದ ದುಡಿಮೆ, ದಿನದ ಲೆಕ್ಕ, ದಿನದ ದಾಸೋಹ ಮೂರೂ ಬಂದುವು.

ಆ ದಾಸೋಹದ ವಿಷಯವನ್ನು ಇಂದಿನವರು ಸರಿಯಾಗಿ ಅರಿತಿಲ್ಲ. ನಾಟಕ ಕಂಪೆನಿಯೆಂದರೆ ಮೊದಲು ಒಂದು ಅಡುಗೆಮನೆ, ಆಮೇಲೆ ರಂಗಮಂದಿರ. ಊರೂರು ತಿರುಗುವ ಬಿಡಾರದಲ್ಲಿ ನಟನಟಿಯರು, ಹಾರ್ಮೋನಿಯಂ ಮೇಷ್ಟ್ರು, ತಬಲೆಯವನು, ಪರದೆ ಬರೆಯುವ ಚಿತ್ರಗಾರ, ಬಡಗಿ, ದರ್ಜಿ, ಅವರವರ ಹೆಂಡಿರು ಮಕ್ಕಳು, ಎಲ್ಲರಿಗೂ ಒಂದೇ ಒಲೆಯ ಅನ್ನ. ಮಕ್ಕಳು ತೊಟ್ಟಿಲಲ್ಲಿಯೇ ಕಂದಪದ್ಯಗಳನ್ನು ಕೇಳುತ್ತ ಬೆಳೆದುವು. ಮುಖ್ಯ ನಟನಿಗೆ ಜ್ವರ ಬಂದ ರಾತ್ರಿ ಅವನ ಮಾತುಗಳೆಲ್ಲವನ್ನೂ ಬಾಯಿಪಾಠವಾಗಿ ಬಲ್ಲ ಹುಡುಗನೊಬ್ಬನು ಪಕ್ಕದ ಪರದೆಯ ಮರೆಯಲ್ಲಿ ಸಿದ್ಧನಾಗಿರುತ್ತಿದ್ದನು. ಪುಸ್ತಕದಲ್ಲಿ ಅಚ್ಚಾದ ನಾಟಕವು ಓದುವವನಿಲ್ಲದೆ ಗೆದ್ದಲಿಗೆ ಆಹಾರವಾಗಬಹುದು; ಹೀಗೆ ಒಂದು ಮನೆಯೊಳಗೆ ಹತ್ತು ಬಾಯಿಗಳಲ್ಲಿ ನೆಲೆಸಿದ ನಾಟಕವು ಸಾಯುವುದು ಕಷ್ಟ. ಸ್ತ್ರೀಪಾತ್ರಗಳನ್ನು ಪುರುಷರೇ ಧರಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ರಂಗವನ್ನೇರಲು ಸಾಧ್ಯವಾದುದಕ್ಕೂ ಬಿಡಾರವು ಸಂಸಾರದ ರೂಪದಲ್ಲಿ ಇದ್ದುದೇ ಬಹುಮಟ್ಟಿಗೆ ಕಾರಣವೆಂದು ನಮಗೆ ತೋರುವುದು. ಇಬ್ಬರೂ ವೀರಣ್ಣನವರ ಪತ್ನಿಯರು.

ಅವರು ಹಣವನ್ನು ಗಳಿಸಿದಂತೆಯೇ ಸುರಿಯುತ್ತಲೂ ಇದ್ದರು. 1934ರ ‘ಕುರುಕ್ಷೇತ್ರ’ವನ್ನು ಕುರಿತು ನಮ್ಮ ಹಿರಿಯರು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ಆ ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದುವು. ಬರೆದ ಪರದೆಯ ಆನೆಗೆ ಮೇವು ಬೇಕಾಗದು. ಜೀವಂತ ಆನೆಗೆ ಪ್ರತಿದಿನವೂ ಬೇಕು. ವೀರಣ್ಣನವರು ಅದನ್ನು ತಿಳಿಯದವರೇ? ತಿಳಿದೇ ಮಾಡಿದರು. ಜನರು ಕಣ್ಣಾರೆ ಕಂಡು ಮನೆಗೆ ಹೋಗಿ ಮಕ್ಕಳಿಗೆ ಹೇಳತಕ್ಕ ಒಂದು ಅದ್ಭುತವನ್ನು ಕೊಟ್ಟರೆ, ಕೇಳಿದ ಆ ಮಕ್ಕಳು ದೊಡ್ಡವರಾಗಿ ಕಂಪೆನಿಯ ಹೆಸರನ್ನು ಮರೆಯಲಾರರು. ಮೂಕಿಚಿತ್ರದ ಕಾಲದಲ್ಲಿಯೂ ಅವರು ಕೈ ಸುಟ್ಟುಕೊಂಡು ನೋಡಿದರು, 1932ರ ‘ಹರಿಮಾಯೆ’ಯಲ್ಲಿ ದುಡಿದರು, ಟಾಕಿ ಬಂದ ಮೇಲೆ 1942ರಲ್ಲಿ ‘ಜೀವನ ನಾಟಕ’ವನ್ನೂ ಅನಂತರ ‘ಹೇಮರೆಡ್ಡಿ ಮಲ್ಲಮ್ಮ’ನನ್ನೂ ತೆರೆಗೆ ತಂದರು. ಸಿನೆಮಾ ನಾಟಕವನ್ನು ನುಂಗುವುದೆಂದು ಇತರರು ಗೋಳಾಡುತ್ತಿದ್ದಾಗ, ನುಂಗುವ ಬಾಯಿಯೊಳಕ್ಕೆ ತಾವೇ ದೀಪ ಹಿಡಿದು ಹೋದವರು ಇವರು.

ಇಲ್ಲಿ ಸ್ವಾಮ್ಯದ ಪ್ರಶ್ನೆಯೊಂದು ಏಳುವುದು. ನಮ್ಮ ಅಧಿಕಾರಿ ಮಿತ್ರರಿಗೆ ಇದು ರುಚಿಸಬಹುದು. ಅಮೆರಿಕೆಯಲ್ಲಿ ವಾಲ್ಟ್ ಡಿಸ್ನಿ ಮತ್ತು ರಾಯ್ ಡಿಸ್ನಿ ಎಂಬ ಸೋದರರು 1923ರಲ್ಲಿ ಒಂದು ಚಿತ್ರಶಾಲೆಯನ್ನು ತೆರೆದರು. ಅಲ್ಲಿ ಹುಟ್ಟಿದ ಆಸ್ವಾಲ್ಡ್ ಎಂಬ ಮೊಲವು ಬಹಳ ಜನಪ್ರಿಯವಾಯಿತು. ಆದರೆ ಕಾಗದದ ಮೇಲೆ ಅದರ ಹಕ್ಕು ಅನ್ಯರದಾಗಿದ್ದುದರಿಂದ 1928ರಲ್ಲಿ ಸೃಷ್ಟಿಸಿದವರ ಕೈಯಿಂದಲೇ ತಪ್ಪಿಹೋಯಿತು. ಅದೇ ವರ್ಷದ ಕೊನೆಯಲ್ಲಿ ಮಿಕಿ ಎಂಬ ಇಲಿಯು ಹುಟ್ಟಿತು. ಅಂದಿನಿಂದ ಆ ಮನೆಯವರು ತಮ್ಮ ಪಾತ್ರಗಳ ಸುತ್ತ ಕಾಯಿದೆಯ ಕೋಟೆಯನ್ನೇ ಕಟ್ಟಿದರು. 1966ರಲ್ಲಿ ತಮ್ಮನು ಸತ್ತ ಮೇಲೆ ವೃದ್ಧನಾದ ಅಣ್ಣನೇ ನಿಂತು, ಫ್ಲಾರಿಡಾದ ಮಹಾ ವಿಹಾರಭೂಮಿಯನ್ನು 1971ರಲ್ಲಿ ಪೂರೈಸಿದನು. ಅಲ್ಲಿಯೂ ಬಾಳಿಸಿದುದು ಮನೆತನದ ಹಟವೇ.

ನಮ್ಮಲ್ಲಿ ನಡೆದುದು ಬೇರೆ. ‘ಸದಾರಮೆ’ಯಲ್ಲಿನ ಕಳ್ಳನ ಪಾತ್ರದಿಂದ ವೀರಣ್ಣನವರು ನಾಡಿಗೆ ನಾಡನ್ನೇ ನಗಿಸಿದರು. ಆದರೆ ಸದಾರಮೆಯ ಕಥೆಯು ಅವರೊಬ್ಬರ ಸ್ವತ್ತಲ್ಲ. ಅನೇಕ ಕಂಪೆನಿಗಳು ಅದನ್ನಾಡಿದುವು. ಹಕ್ಕಿನ ಬೇಲಿಯಿಲ್ಲದ ಬಯಲಿನಲ್ಲಿ ಒಬ್ಬನ ಬೆಳೆ ಎದ್ದು ಕಾಣುವುದು ಹೇಗೆ? ಗೊಬ್ಬರದಿಂದ. ಕಥೆ ಎಲ್ಲರದು, ಕಳ್ಳನು ಮಾತ್ರ ಗುಬ್ಬಿಯವನು ಎಂದು ಜನರೇ ತೀರ್ಪುಕೊಟ್ಟರು. 1972ರಲ್ಲಿ ಅವರು ಕಣ್ಮುಚ್ಚಿದ ಮೇಲೆಯೂ ಆ ಕಳ್ಳನು ಸಾಯಲಿಲ್ಲ. ಮಗಳು ಮಾಲತಮ್ಮನವರು ರಂಗಭೂಮಿಯನ್ನು ಬಿಡಲಿಲ್ಲ, ಮೊಮ್ಮಗಳು ಬಿ. ಜಯಶ್ರೀಯವರು ದೆಹಲಿಯ ರಾಷ್ಟ್ರೀಯ ನಾಟ್ಯಶಾಲೆಯಲ್ಲಿ ಕಲಿತು ಬಂದು, ಅಜ್ಜನ ಕಳ್ಳನ ವೇಷವನ್ನು ತಾವೇ ತೊಟ್ಟು ‘ಸದಾರಮೆ’ಯನ್ನು ಮತ್ತೆ ಜನರ ಮುಂದಿಟ್ಟರು. ಪುರುಷರು ಸ್ತ್ರೀವೇಷ ಹಾಕುತ್ತಿದ್ದ ರಂಗದಲ್ಲಿ ಮೊಮ್ಮಗಳು ಅಜ್ಜನ ಗಂಡುವೇಷವನ್ನು ಧರಿಸಿ ಗೆದ್ದಳೆಂದರೆ ವೀರಣ್ಣನವರ ಆತ್ಮವು ಎಷ್ಟು ನಕ್ಕಿರಬೇಡ!

ಆದರೂ ಈ ವಿಷಯದಲ್ಲಿ ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದಿರುವುದು ಬೇಡರ ಕಣ್ಣಪ್ಪನ ಕಥೆ. ಏಕೆಂದರೆ ಅದರ ಕನ್ನಡದ ಮೂಲಗಳಲ್ಲೊಂದು ನಮ್ಮ ಬಾಗಿಲಲ್ಲಿಯೇ ಇದೆ. ಹಂಪೆಯ ವಿರೂಪಾಕ್ಷನ ಪರಮಭಕ್ತನಾದ ಹರಿಹರ ಕವಿಯು ಶಿವನಿಗೆ ತನ್ನ ಕಣ್ಣನ್ನು ಕಿತ್ತುಕೊಟ್ಟ ಬೇಡನ ಮೇಲೆ ರಗಳೆಯನ್ನು ರಚಿಸಿದನು. ಶತಮಾನಗಳ ಅನಂತರ ಜಿ.ವಿ. ಅಯ್ಯರರ ಕೈಯಿಂದ ಅದು ಗುಬ್ಬಿ ಕಂಪೆನಿಗೆ ನಾಟಕವಾಯಿತು. ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆಯು 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಅದನ್ನೇ ಚಿತ್ರವಾಗಿಸಿತು. ಕಂಪೆನಿಯ ಹುಡುಗ ಮುತ್ತುರಾಜನು ಅದರಲ್ಲಿ ನಾಯಕನಾಗಿ, ರಾಜಕುಮಾರನೆಂಬ ಹೊಸ ಹೆಸರಿನಿಂದ ಬೆಳಕಿಗೆ ಬಂದನು. ನರಸಿಂಹರಾಜು, ಅಯ್ಯರ್ ಮುಂತಾದ ಬಿಡಾರದ ಮಂದಿಯೇ ಸುತ್ತಲೂ ಇದ್ದರು. ಚಿತ್ರಕ್ಕೆ ಕೇಂದ್ರ ಸರಕಾರದ ಪ್ರಶಸ್ತಿಪತ್ರ ದೊರೆಯಿತು. ಅದೇ ವರ್ಷ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’, ಮರುವರ್ಷ ಹಿಂದಿಯಲ್ಲಿ ‘ಶಿವಭಕ್ತ’. 1988ರಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ ಬಂದಾಗ ಬಾಲಕ ಕಣ್ಣಪ್ಪನು ಪುನೀತ, ಪ್ರಾಯದ ಕಣ್ಣಪ್ಪನು ಶಿವರಾಜಕುಮಾರ, ಮತ್ತು ಮೆಚ್ಚಿ ಮೈದೋರಿದ ಶಿವನು ಹಿಂದಣ ಕಣ್ಣಪ್ಪನಾದ ತಂದೆಯೇ! 2025ರಲ್ಲಿ ತೆಲುಗಿನ ಮೋಹನ್ ಬಾಬು ಅವರ ಮನೆತನವೂ ಮಗ ಮೊಮ್ಮಕ್ಕಳೊಡನೆ ಅದೇ ಕಥೆಯನ್ನು ಎತ್ತಿಕೊಂಡಿತು.

ಮತ್ತೊಂದು ಮಾತು. 2006ರಲ್ಲಿ ರಾಜಕುಮಾರರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು, 2021ರಲ್ಲಿ ಪುನೀತರವನ್ನೂ. ಆ ಬಳಿಕ ನಾಡಿನಾದ್ಯಂತ ನೇತ್ರದಾನಕ್ಕೆ ಹೆಸರು ಬರೆಯಿಸಲು ಜನರು ಸಾಲುಗಟ್ಟಿದರು. ಬಣ್ಣ ಹಚ್ಚಿ ಕಣ್ಣು ಕೊಟ್ಟವರ ಮನೆಯವರು ಬಣ್ಣವಿಲ್ಲದೆಯೂ ಕಣ್ಣು ಕೊಟ್ಟರು. ಇದಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವುದು ಅತಿಭಾವುಕತೆಯೆಂದು ಕೆಲವರು ನಗಬಹುದು. ನಗಲಿ. ಕಣ್ಣಪ್ಪನ ಹೆಸರನ್ನು ಎತ್ತದೆ ಆ ದಿನ ಮಾತಾಡಿದ ಮುದುಕಿಯನ್ನು ನಾವಂತೂ ಕಾಣಲಿಲ್ಲ.

ಮುತ್ತುರಾಜನ ಮನೆಯು ಬಿಡಾರದ ಪದ್ಧತಿಯನ್ನು ಚಿತ್ರರಂಗಕ್ಕೆ ಒಯ್ದಿತೆಂಬುದೂ ಗಮನಾರ್ಹ. ಅದರ ಯಜಮಾನಿಕೆ ಪಾರ್ವತಮ್ಮನವರದು. 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕಿಳಿದ ಆ ತಾಯಿಯು 2017ರಲ್ಲಿ ತೀರಿಕೊಳ್ಳುವವರೆಗೂ ಆ ಮನೆಯ ಅಡಿಗಲ್ಲಾಗಿದ್ದರು. ಕನ್ನಡ ಕಾದಂಬರಿಗಳಿಂದ ಕಥೆ ಆರಿಸುವುದು, ವಜ್ರೇಶ್ವರಿಯ ಹೆಸರಿನಲ್ಲಿ ಚಿತ್ರಗಳ ಹಂಚಿಕೆಯನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳುವುದು, ಹೊಸ ಹುಡುಗಿಯರನ್ನು ಹುಡುಕಿ ನಾಯಕಿಯರನ್ನಾಗಿ ನಿಲ್ಲಿಸುವುದು ಇವು ಅವರ ಕ್ರಮ. ಸುಧಾರಾಣಿ, ಮಾಲಾಶ್ರೀ, ರಕ್ಷಿತಾ, ರಮ್ಯಾ ಎಲ್ಲರೂ ಕನ್ನಡದಲ್ಲಿ ನಾಯಕಿಯರಾದುದು ಅವರ ಅಂಗಳದಲ್ಲಿ. ಲೆಕ್ಕವನ್ನು ಬಲ್ಲ ಗೃಹಿಣಿಯೊಬ್ಬಳು ಇಲ್ಲದ ಮನೆತನದ ಉದ್ಯಮವು ಎರಡನೆಯ ತಲೆಮಾರನ್ನು ಕಾಣುವುದು ಅಪರೂಪ.

ಇಷ್ಟು ಹೊಗಳಿದುದರಿಂದ ವಂಶಪಾರಂಪರ್ಯವನ್ನು ಕಣ್ಣುಮುಚ್ಚಿ ಎತ್ತಿಹಿಡಿಯುತ್ತೇವೆಂದು ವಾಚಕರು ಭಾವಿಸಬಾರದು. ಬಿಡಾರದ ಬಾಳು ಬಡವರಿಗೆ ಕಠಿಣವಾಗಿತ್ತು. ರಾಜಕುಮಾರರಂತಹ ಮಹಾನಟರಿಗೂ ಶಾಲೆಯ ಓದು ಎಳೆತನದಲ್ಲಿಯೇ ತಪ್ಪಿತು. ಅನೇಕ ನಟಿಯರು ಮುಪ್ಪಿನಲ್ಲಿ ಔಷಧಕ್ಕೂ ಕಾಸಿಲ್ಲದೆ ಹೋದರು. ಒಡೆಯನ ಮಗನೆಂಬ ಒಂದೇ ಕಾರಣದಿಂದ ನಾಯಕನ ಪಾತ್ರ ಹಿಡಿದು ಕಂಪೆನಿಯನ್ನು ಮುಳುಗಿಸಿದವರೂ ಇಲ್ಲದಿಲ್ಲ. ಗುಬ್ಬಿಯ ಮನೆಯು ಉಳಿದುದು ರಕ್ತದ ಬಲದಿಂದಲೇ ಅಲ್ಲ, ಬಾಗಿಲು ತೆರೆದಿಟ್ಟ ಬಲದಿಂದ. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಹುಡುಗನೊಬ್ಬನನ್ನು ವೀರಣ್ಣನವರು ಸೇರಿಸಿಕೊಂಡರು. ಅವನಿಗೆ ಓದಿನ ಹಸಿವಿದೆಯೆಂದು ಕಂಡಾಗ ಕಾಶಿಗೆ ಕಳುಹಿಸಿ ಎಂ.ಎ. ಓದಿಸಿದರು. ಆ ಹುಡುಗನೇ ಬಿ.ವಿ. ಕಾರಂತ. ಮುಂದೆ ರಾಷ್ಟ್ರೀಯ ನಾಟ್ಯಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದಾಗ, ಕಂಪೆನಿಯ ಹಾಡುಗಬ್ಬವು ಅವರೊಡನೆ ಹೊಸ ರಂಗಭೂಮಿಯನ್ನೂ ಹೊಕ್ಕಿತು. ಬಾಗಿಲು ಮುಚ್ಚಿದ್ದರೆ ಆ ದಾಯಾದಿಯು ಸಿಕ್ಕುತ್ತಿದ್ದನೇ?

ನಮ್ಮ ಸೀಮೆಗೂ ಈ ವಿದ್ಯೆ ಹೊಸದಲ್ಲ. ತುಂಗಭದ್ರೆಯ ದಂಡೆಯ ಕಿಳ್ಳೇಕ್ಯಾತರು ಹಗಲು ಹರಿಗೋಲಿನಲ್ಲಿ ಮೀನು ಹಿಡಿದು ರಾತ್ರಿ ತೊಗಲುಗೊಂಬೆ ಆಡಿಸಿದವರು. ಬಿಳಿಯ ಪರದೆ, ಹಿಂದೆ ದೀಪ, ಗೊಂಬೆಗಳ ಒಂದು ಪೆಟ್ಟಿಗೆ, ಆಡುವವರು ಗಂಡ ಹೆಂಡತಿ ಮಕ್ಕಳು. ರಾಮಾಯಣದ ಯಾವ ಪ್ರಸಂಗವಾದರೂ ಆಗಲಿ, ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿ ಬಂದು ಜಗಳವಾಡಿ ನಗಿಸಲೇಬೇಕು. ಆ ವಿದೂಷಕನ ಹೆಸರೇ ಆಡಿಸುವವರ ಕುಲಕ್ಕೆ ಅಂಟಿಕೊಂಡಿತೆಂದ ಮೇಲೆ ಪಾತ್ರವೊಂದು ಬಾಳುವ ಪರಿಗೆ ಬೇರೆ ಸಾಕ್ಷಿ ಏಕೆ? ಹೊಳೆಯಾಚೆ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಬಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲಿನಲ್ಲಿ ಗಾಂಧೀಜಿಯನ್ನು ಕೆತ್ತಿ ಪರದೆಗೆ ತಂದರು; 2023ರಲ್ಲಿ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು. ಮರಿಯಮ್ಮನಹಳ್ಳಿಯಲ್ಲಿ ಮಂಜಮ್ಮ ಜೋಗತಿಯವರು ಗುರು ಕಾಳವ್ವ ಜೋಗತಿಯಿಂದ ಎಲ್ಲಮ್ಮನ ಕಥೆಯನ್ನೂ ಕುಣಿತವನ್ನೂ ಪಡೆದರು. ಹೆತ್ತ ಮನೆಯು ಕೈಬಿಟ್ಟವರಿಗೆ ಮೇಳವೇ ಮನೆಯಾಯಿತು. ಆ ಮನೆಯಲ್ಲಿಯೂ ಪಾತ್ರವೇ ಪಿತ್ರಾರ್ಜಿತವಾಯಿತು.

ಇಂತಹ ಮನೆಗಳು ಈಗ ಅಳಿಯುತ್ತಿವೆ. ಒಲೆ ಆರಿದ ಮೇಲೆ ಪ್ರಶಸ್ತಿಪತ್ರವನ್ನು ಗೋಡೆಗೆ ತೂಗಿಸಿ ಫಲವೇನು? 2021ರಲ್ಲಿ ವಿಜಯನಗರವು ಪ್ರತ್ಯೇಕ ಜಿಲ್ಲೆಯಾಗಿ ಹೊಸಪೇಟೆಗೆ ಕಚೇರಿಗಳೆಲ್ಲ ಬಂದುವು. ಅಲ್ಲಿನ ಅಧಿಕಾರಿಗಳಿಂದ ನಾವು ಬೇಡುವುದು ದೊಡ್ಡದಲ್ಲ. ಜಾತ್ರೆಯ ಕಾಲದಲ್ಲಿ ನಾಟಕ ಕಂಪೆನಿಯು ತಗಡಿನ ಶೆಡ್ಡು ಹಾಕಿಕೊಳ್ಳಲು ಊರೊಳಗೇ ಒಂದು ಜಾಗ. ಉಯ್ಯಾಲೆ ಅಂಗಡಿಗಳೊಡನೆ ಅದನ್ನು ಹರಾಜಿಗೆ ಹಾಕದೆ ಗೊತ್ತಾದ ಸಣ್ಣ ಬಾಡಿಗೆ. ಹೆಣ್ಣುಮಕ್ಕಳಿಗೆ ಸ್ನಾನ ಶೌಚಕ್ಕೆ ನೀರು. ಬಿಡಾರದ ಮಕ್ಕಳನ್ನು ಕ್ಯಾಂಪು ಇರುವ ಮೂರು ತಿಂಗಳ ಮಟ್ಟಿಗೆ ತಕರಾರಿಲ್ಲದೆ ಸೇರಿಸಿಕೊಳ್ಳುವ ಶಾಲೆ. ದೋಣಿಮಲೈಯ ವಸತಿಯಲ್ಲಿ ಹಲವು ಭಾಷೆಯ ಸಂಸಾರಗಳು ಇವೆ. ವರ್ಷಕ್ಕೊಮ್ಮೆ ಕಂಪೆನಿಯೊಂದನ್ನೋ ಗೊಂಬೆಯ ಮೇಳವೊಂದನ್ನೋ ಅಲ್ಲಿಗೆ ಕರೆಸಿದರೆ, ಪದ್ಯದ ಅರ್ಥ ತಿಳಿಯದ ಮಗುವೂ ಬಂಗಾರಕ್ಕನ ಜಗಳಕ್ಕೆ ನಗುವುದು.

ನಮ್ಮ ತಂದೆಯವರ ಕಾಲದ ಒಂದು ಸಂಗತಿ ನೆನಪಿಗೆ ಬರುತ್ತದೆ. ಆಗ ನಮ್ಮ ಮುದ್ರಣಾಲಯದಲ್ಲಿ ಮೊಳೆಯಚ್ಚು ಜೋಡಿಸಿ ನಾಟಕದ ಕರಪತ್ರಗಳನ್ನು ಅಚ್ಚುಹಾಕುತ್ತಿದ್ದೆವು. ಒಂದು ಸಣ್ಣ ಕಂಪೆನಿಯವರು ಮಳೆ ಹಿಡಿದು ಆಟ ನಿಂತುದರಿಂದ ಎರಡು ರೀಮು ಕಾಗದದ ಬಾಕಿಯನ್ನು ಉಳಿಸಿ ರಾತ್ರೋರಾತ್ರಿ ಊರು ಬಿಟ್ಟರು. ತಂದೆಯವರು ನಾಲ್ಕು ದಿನ ಬೈದು ಸುಮ್ಮನಾದರು. ಆರು ವರ್ಷಗಳು ಕಳೆದ ಮೇಲೆ ಒಂದು ಸಂಜೆ ಇಪ್ಪತ್ತು ವಯಸ್ಸಿನ ಹುಡುಗನೊಬ್ಬನು ಬಂದು, “ಬುದ್ಧಿ, ನಮ್ಮಪ್ಪ ತೀರಿಕೊಂಡರು. ಅವರ ಚೋಪಡಿಯಲ್ಲಿ ನಿಮ್ಮ ಹೆಸರಿನ ಎದುರಿಗೆ ಬಾಕಿ ಅಂತ ಬರೆದಿದೆ” ಎಂದು ಹಣವನ್ನು ಎಣಿಸಿ ಮೇಜಿನ ಮೇಲಿಟ್ಟನು. ತಂದೆಯವರು ಕನ್ನಡಕ ತೆಗೆದು ಅವನನ್ನೇ ನೋಡಿ, “ಈಗ ರಾಜನ ಪಾರ್ಟು ಯಾರು ಮಾಡುತ್ತಾರಪ್ಪ?” ಎಂದು ಕೇಳಿದರು. “ನಾನೇ ಬುದ್ಧಿ. ಅಪ್ಪನ ಅಂಗಿಯನ್ನೇ ಸ್ವಲ್ಪ ಒಳಕ್ಕೆ ಹಿಡಿಸಿಕೊಂಡಿದ್ದೇನೆ” ಎಂದನು. ಅಂದು ರಾತ್ರಿಯೇ ಸಾವಿರ ಕರಪತ್ರಗಳು ಅಚ್ಚಾದುವು, ಹಳೆಯ ನಾಟಕ, ಹಳೆಯ ಬ್ಲಾಕು. ಕಿರೀಟ ತೊಟ್ಟ ರಾಜನ ಆ ಮರದ ಬ್ಲಾಕು ನಮ್ಮ ಕಚೇರಿಯ ಕಪಾಟಿನಲ್ಲಿ ಇಂದಿಗೂ ಇದೆ.